ಸುವೊಲೊ ಕೆರೆಯಲ್ಲಿ ಮೀನಿಲ್ಲ

ಸುವೊಲೊ ಕೆರೆ, ಉತ್ತರ ದಂಡೆ
21 ಸೆಪ್ಟೆಂಬರ್ 1958

ಮಗಳೇ ಗಾರೆನ್,

ನಾನು ಚೆನ್ನಾಗಿದ್ದೇನೆ. ಮೊಣಕಾಲು ಚೆನ್ನಾಗಿಲ್ಲ, ಆದರೆ ಅದು ನನ್ನ ಮಾತನ್ನು ಯಾವತ್ತು ಕೇಳಿದೆ? ಈ ವರ್ಷ ಮೀನಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹುಟ್ಟು ಹಾಕಿ ತಂದದ್ದು ಬೆಕ್ಕಿಗೂ ಸಾಲುವುದಿಲ್ಲ. ಇದರ ಜೊತೆ ಒಂದು ಪೆಟ್ಟಿಗೆ ಒಣಗಿಸಿದ ಬಿಳಿಮೀನು ಕಳಿಸಿದ್ದೇನೆ. ಮುಚ್ಚಳ ಹಾಕಲು ಅದರ ಮೇಲೆ ಕೂರಬೇಕಾಯಿತು.

ಅಂಚೆಯ ವುಲ್ಲೆ ಪೆಟ್ಟಿಗೆ ಎತ್ತಿ ನೋಡಿ, “ಏನ್ ಸುನ್ನಾ, ಕಲ್ಲು ತುಂಬಿದ್ದೀಯಾ?” ಅಂದ.

“ಹೂಂ ಕಣೋ. ಪಟ್ಟಣದಲ್ಲಿ ಕಲ್ಲು ಸಿಗಲ್ವಂತೆ.”

“ಬಲೆಗೆ ಏನಾದ್ರೂ ಬಿತ್ತಾ?”

“ಎಲ್ಲಿಂದ ಬೀಳುತ್ತೆ? ನಿಂಗೆ?”

“ನಂಗೂ ಇಲ್ಲ, ಕರ್ಮ” ಅಂದ. ಅವನ ದೋಣಿಯ ಅಂಚು ನೀರಿನಿಂದ ನಾಲ್ಕೇ ಬೆರಳು ಮೇಲಿತ್ತು. ಮೂವತ್ತು ವರ್ಷದ ಹಿಂದೆ ಇವನು ನನ್ನನ್ನು ಮದುವೆಗೆ ಕೇಳಲು ಬಂದಾಗಲೂ ಹೀಗೇ ಇದ್ದ. ದಕ್ಷಿಣ ದಂಡೆಯವರನ್ನು ನಂಬಬಾರದಲ್ಲ, ಅದಕ್ಕೇ ನಾನು ಒಪ್ಪಲಿಲ್ಲ.

ನೀರಿನ ದಡದ ಕಲ್ಲಿಗೆ ಮೀನೆಣ್ಣೆ ಸವರುವುದನ್ನು ಬಿಟ್ಟೆಯಾ ಎಂದು ಪಾದ್ರಿ ಕೇಳಿದರು. ಬಿಟ್ಟೆ ಎಂದೆ. ಕೈಗೆ ಎಣ್ಣೆಯಾದರೆ ಒರೆಸಿಕೊಳ್ಳಲು ಹತ್ತಿರದಲ್ಲಿ ಅದೊಂದೇ ಕಲ್ಲಿದೆ, ನಾನೇನು ಮಾಡಲಿ?

ಒಂದು ಮಾತು ಕೇಳಬೇಕಿತ್ತು. ನೀನು ವಕೀಲರ ಕಚೇರಿಯಲ್ಲಿ ಟೈಪ್ ಮಾಡುವವಳು, ಗೊತ್ತಿರಬಹುದು. ಕೆಂಪು ಬಿಳಿ ಬಳಿದ ಕೋಲು ಹಿಡಿದ ನಾಲ್ಕು ಜನ ದಂಡೆಯಲ್ಲಿ ಓಡಾಡುತ್ತಿದ್ದಾರೆ. ನಮ್ಮ ಮನೆಯ ಹಿಂದಿನ ದಿಬ್ಬದಲ್ಲಿ, ಮಾಡಿಗಿಂತ ಎರಡಾಳು ಎತ್ತರದಲ್ಲಿ, ಒಂದು ಬರ್ಚ್ ಮರಕ್ಕೆ ಕೆಂಪು ಪಟ್ಟಿ ಬಳಿದು ಹೋಗಿದ್ದಾರೆ. ಯಾಕ್ರಪ್ಪಾ ಎಂದರೆ ನಗುತ್ತಾರೆ. ಕಾಫಿ ಕೊಟ್ಟೆ, ಕುಡಿದರು. ಆಗಲೂ ಹೇಳಲಿಲ್ಲ.

ನಿನ್ನ ದೊಡ್ಡಮ್ಮ,
ಸುನ್ನಾ

*

ಲೂಲಿಯೊ
6 ಅಕ್ಟೋಬರ್ 1958

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದ ಓದಿ ವಕೀಲರ ಕೋಣೆಗೆ ಓಡಿದೆ. ಅವರು ಕಪಾಟಿನಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದರು. ದೊಡ್ಡಮ್ಮ, ಆ ನಕ್ಷೆಯಲ್ಲಿ ನಮ್ಮ ಮನೆ ಇಲ್ಲ. ಮನೆ ಇರಬೇಕಾದಲ್ಲಿ ನೀಲಿ ಬಣ್ಣವಿದೆ.

ಆ ಕೆಂಪು ಪಟ್ಟಿ ನೀರು ನಿಲ್ಲುವ ಗೆರೆ. ಕೆಳಗಿನ ಕಣಿವೆಯಲ್ಲಿ ಎರಡು ವರ್ಷದಿಂದ ಕಟ್ಟುತ್ತಿರುವುದನ್ನು ನಾವು ಸೇತುವೆ ಅಂದುಕೊಂಡಿದ್ದೆವಲ್ಲ, ಅದು ಅಣೆಕಟ್ಟು. ವಿದ್ಯುತ್ ಕಂಪನಿಯದು. ಕೆರೆ ಒಂಬತ್ತು ಮೀಟರ್ ಏರುತ್ತದೆ. ಮನೆ, ಬಲೆಗಳ ಕೊಟ್ಟಿಗೆ, ಸಮಾಧಿ ದ್ವೀಪ, ವುಲ್ಲೆಯವರ ದಂಡೆ, ಎಲ್ಲ ಒಳಗೆ. ನಾನು ನಕ್ಷೆಯ ಮುಂದೆ ನಿಂತೇ ಇದ್ದೆನಂತೆ, ವಕೀಲ ನೊರೆಲ್ ಅವರು ಕುರ್ಚಿ ತಂದು ಕೂರಿಸಿದರಂತೆ. ನನಗೆ ನೆನಪಿಲ್ಲ.

ಕೆರೆಯ ಐದೂ ಮನೆಯವರ ಪರವಾಗಿ ಕೇಸು ಹಾಕಲು ಅವರು ಒಪ್ಪಿದ್ದಾರೆ. ಆದರೆ ಅವರು ಹೇಳುವುದಿಷ್ಟು: ಮನೆಗೆ ಪರಿಹಾರ ಕೊಟ್ಟು ಕಂಪನಿ ಕೈತೊಳೆದುಕೊಳ್ಳುತ್ತದೆ. ಕೆರೆಯನ್ನು ಉಳಿಸಬೇಕಾದರೆ, ಕೊನೆಪಕ್ಷ ನೀರನ್ನು ಕೆಳಮಟ್ಟದಲ್ಲಿ ನಿಲ್ಲಿಸಬೇಕಾದರೆ, ನೀವು ತಲೆತಲಾಂತರದಿಂದ ಅಲ್ಲಿ ಮೀನು ಹಿಡಿದು ಬದುಕಿದವರು ಎಂದು ಕೋರ್ಟಿಗೆ ತೋರಿಸಬೇಕು. ಬಾಯಿಮಾತಲ್ಲ. ಎಲ್ಲಿ ಬಲೆ ಹಾಕುತ್ತೀರಿ, ಯಾವ ತಿಂಗಳು, ಎಷ್ಟು ಸಿಗುತ್ತದೆ, ಜಾಗದ ಹೆಸರು ಹಿಡಿದು ಬರೆದು ಕಳಿಸಿ.

ದೊಡ್ಡಮ್ಮ, ತಮಾಷೆ ಬೇಡ. ಇದ್ದದ್ದನ್ನು ಬರೆಯಿರಿ.

ನಿಮ್ಮ ಗಾರೆನ್

*

ಸುವೊಲೊ ಕೆರೆ
2 ನವೆಂಬರ್ 1958

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ದಿಬ್ಬ ಹತ್ತಿ ಆ ಕೆಂಪು ಪಟ್ಟಿಯ ಕೆಳಗೆ ನಿಂತು ಮನೆಯ ಮಾಡನ್ನು ನೋಡಿದೆ. ಹೊಗೆಗಂಡಿ ಅಷ್ಟು ಕೆಳಗೆ ಕಂಡಿತು. ನೀರಿನ ತಳದಲ್ಲಿ ನಿಂತ ಹಾಗಾಯಿತು. ಇಳಿದು ಬಂದು ಒಲೆ ಹಚ್ಚಿದೆ. ಬೇರೇನು ಮಾಡಲಿ?

ನೀನು ಕೇಳಿದ್ದನ್ನು ಬರೆದಿದ್ದೇನೆ. ಸಮಾಧಿ ದ್ವೀಪದ ಹಿಂದೆ ಬಲೆ ಹಾಕಿದವನಿಗೆ ಹುಚ್ಚು. ಅಲ್ಲಿ ಬರೀ ಆಳ, ಮೀನಿನ ಬಾಲವೂ ಇಲ್ಲ. ಅಜ್ಜಿಮಡಿಲು ಎನ್ನುವ ಒಳಮೂಲೆಯಲ್ಲಿ ಕೆಂಪುಹೊಟ್ಟೆಯ ಮೀನು ಒಂದು ಕಾಲದಲ್ಲಿ ಇತ್ತಂತೆ, ನಾನು ಕಂಡಿಲ್ಲ. ಕೊಕ್ಕರೆ ಕೊಲ್ಲಿ ಇದೆ ನೋಡು, ಅದು ಜಾಗ! ಅಲ್ಲಿ ಬಿಳಿಮೀನು ಒಂದರ ಬೆನ್ನ ಮೇಲೊಂದು ನಿಂತಿರುತ್ತದೆ. ಹಿಮ ಬೀಳುವ ಮೊದಲೂ ಸರಿ, ಬಿದ್ದ ಮೇಲೂ ಸರಿ, ಎಣಿಸಲು ಆಳು ಬೇಕು.

ವುಲ್ಲೆಗೆ ಕಾಫಿ ಕೆಟಲಿನ ಹಬೆಯಲ್ಲಿ ಲಕೋಟೆ ಬಿಚ್ಚುವ ಚಟ. ವುಲ್ಲೆ, ನೀನು ಇದನ್ನು ಓದುತ್ತಿದ್ದರೆ ಕೊಕ್ಕರೆ ಕೊಲ್ಲಿಗೇ ಹೋಗು. ಬಲೆ ಹರಿದರೆ ನನ್ನನ್ನು ಬಯ್ಯಬೇಡ.

ಗಾರೆನ್, ನೀನು ನಮ್ಮ ಮನೆಯ ಹುಡುಗಿ. ಹೇಗೆ ಓದಬೇಕೋ ಹಾಗೆ ಓದಿಕೋ.

ಸುನ್ನಾ

*

ಸುವೊಲೊ ಕೆರೆ
18 ಡಿಸೆಂಬರ್ 1958

ಮಗಳೇ,

ನೀನು ಉತ್ತರ ಬರೆದಿಲ್ಲ, ಆದರೂ ಬರೆಯುತ್ತಿದ್ದೇನೆ. ನಕ್ಕು ನಕ್ಕು ಪಕ್ಕೆ ನೋಯುತ್ತಿದೆ, ಯಾರಿಗಾದರೂ ಹೇಳಲೇಬೇಕು.

ಕಳೆದ ವಾರ ಇಬ್ಬರು ಪಟ್ಟಣದ ಗಂಡಸರು ಜಾರುಬಂಡಿಯಲ್ಲಿ ಬಂದರು. ಹೊಸ ಬಲೆ, ಹೊಸ ಕೊಡಲಿ, ಕಿವಿಗೆ ತುಪ್ಪಳ. ಸೂರ್ಯ ಮೇಲೇಳದ ಈ ತಿಂಗಳ ಮಬ್ಬಿಗೆ ಹೆದರಿ ನಟ್ಟನಡು ಹಗಲಲ್ಲೇ ಲಾಟೀನು ಹಚ್ಚಿಕೊಂಡು ಮಂಜುಗಡ್ಡೆ ಒಡೆಯಲು ನಿಂತರು. ಎಲ್ಲಿ ಗೊತ್ತಾ? ಕೊಕ್ಕರೆ ಕೊಲ್ಲಿಯಲ್ಲಿ! ನಾನು ಹತ್ತಿರ ಹೋದೆ.

“ಅಮ್ಮಾ, ಇಲ್ಲಿ ಮೀನು ಇದೆಯಾ?” ಎಂದು ಒಬ್ಬ ಕೇಳಿದ.

“ಇಲ್ಲಿ ಇಲ್ದೆ ಇನ್ನೆಲ್ಲಿರುತ್ತೆ ಸ್ವಾಮಿ? ಇನ್ನೂ ಸ್ವಲ್ಪ ದಡದ ಹತ್ತಿರ ಹಾಕಿ” ಅಂದೆ.

“ನೀವೂ ಇಲ್ಲೇ ಹಿಡೀತೀರಾ?”

“ನಮ್ಮಜ್ಜನ ಕಾಲದಿಂದ.”

ಅವರು ನನ್ನ ಕಣ್ಣಮುಂದೆಯೇ ಪುಸ್ತಕದಲ್ಲಿ ಬರೆದುಕೊಂಡರು. ಮೂರು ದಿನ ಕೆಸರಿನಲ್ಲಿ ಬಲೆ ಬಿಟ್ಟು ಕೂತರು. ಕಂಪನಿಯವರೇ ಇರಬೇಕು, ನಮ್ಮ ಮೀನಿಗೂ ಕೈ ಹಾಕಲು ಬಂದವರು. ನಾನು ಸಮಾಧಿ ದ್ವೀಪದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡಿದರೆ ಅವರೂ ನೋಡುತ್ತಾರಲ್ಲ. ವುಲ್ಲೆ ದೂರದಲ್ಲಿ ಸ್ಕೀ ಊರಿ ನಿಂತು ನಗುತ್ತಿದ್ದ. ಹಬ್ಬದ ಹೊತ್ತಿಗೆ ಇಡೀ ಕೆರೆಗೆ ಇದೇ ಕಥೆ.

ಹಬ್ಬಕ್ಕೆ ಬರುತ್ತೀಯಾ? ಹಿಮಸಾರಂಗದ ನಾಲಿಗೆ ಇಟ್ಟಿದ್ದೇನೆ. ಮೀನು ಮಾತ್ರ ಇಲ್ಲ.

ದೊಡ್ಡಮ್ಮ

*

ಲೂಲಿಯೊ
9 ಜನವರಿ 1959

ದೊಡ್ಡಮ್ಮ,

ನಿಮ್ಮ ನಗುವಿನ ಕಾಗದ ಹಬ್ಬದ ಮುನ್ನಾದಿನ ಬಂತು. ಅದೇ ದಿನ ಕೋರ್ಟಿನ ವರದಿಯೂ ಬಂತು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದೆ. ಅವತ್ತಿನಿಂದ ನಿಮಗೆ ಬರೆಯಲು ಕೂತಾಗಲೆಲ್ಲ ಬರೆದದ್ದನ್ನು ಹರಿದು ಹಾಕುತ್ತೇನೆ.

ಅವರು ಕಂಪನಿಯವರಲ್ಲ. ಕೋರ್ಟು ಕಳಿಸಿದ ಮೀನುಗಾರಿಕೆ ಪರೀಕ್ಷಕರು. ನಿಮ್ಮ ಪಟ್ಟಿಯಲ್ಲಿ, ವುಲ್ಲೆಗೆ ಬರೆದ ಸಾಲನ್ನು ಮಾತ್ರ ಬಿಟ್ಟು, ಉಳಿದದ್ದನ್ನು ನಾನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ ಕೊಟ್ಟಿದ್ದೆ. ಅವರು ಅದನ್ನು ಹಿಡಿದುಕೊಂಡೇ ಬಂದಿದ್ದರು. ಮೊದಲೇ ಹೇಳಿದರೆ ಕಲಿಸಿಕೊಟ್ಟಂತಾಗುತ್ತದೆ ಎಂದು ವಕೀಲರು ಅಂದದ್ದಕ್ಕೆ ನಿಮಗೆ ತಿಳಿಸಲಿಲ್ಲ. ತಿಳಿಸಬೇಕಿತ್ತು.

ವರದಿ ಹೀಗಿದೆ: ಮೂರು ದಿನದಲ್ಲಿ ಎರಡು ಸಣ್ಣ ಮೀನು. ಕೊಕ್ಕರೆ ಕೊಲ್ಲಿಯೇ ಉತ್ತಮ ಜಾಗ ಎಂದು ಸ್ಥಳೀಯ ಮಹಿಳೆ ಖುದ್ದಾಗಿ ಖಚಿತಪಡಿಸಿದ್ದಾರೆ. ಉಳಿದ ಜಾಗಗಳಲ್ಲಿ ಮೀನಿಲ್ಲವೆಂದು ಅವರೇ ಬರೆದುಕೊಟ್ಟಿರುವುದರಿಂದ ಪರೀಕ್ಷಿಸುವ ಅಗತ್ಯ ಕಾಣಲಿಲ್ಲ.

ಬೇರೆ ನಾಲ್ಕು ಮನೆಯವರು ಬರೆದದ್ದು ಒಂದೇ ಸಾಲು: “ನಮಗೇನೂ ಸಿಗುವುದಿಲ್ಲ.”

ತಮಾಷೆ ಬೇಡ ಎಂದು ಬರೆದಿದ್ದೆನಲ್ಲ! ಮನೆ ಮುಳುಗುತ್ತದೆ ಎಂದು ಬರೆದಿದ್ದೆನಲ್ಲ! ಯಾಕೆ ಹೀಗೆ ಮಾಡಿದಿರಿ?

ಗಾರೆನ್

*

ಸುವೊಲೊ ಕೆರೆ
25 ಜನವರಿ 1959

ಗಾರೆನ್,

ನಿನ್ನ ಕಾಗದ ಓದಿದಾಗ ಕೈಯಲ್ಲಿದ್ದ ಬಟ್ಟಲು ಬಿತ್ತು. ವುಲ್ಲೆ ಇನ್ನೂ ಬಾಗಿಲಲ್ಲೇ ಇದ್ದ. “ಏನಾಯ್ತು ಸುನ್ನಾ?” ಎಂದ. ಮೊದಲನೇ ಸಲ ಇವನು ನನ್ನ ಕಾಗದವನ್ನು ಮೊದಲೇ ಓದಿರಲಿಲ್ಲ. ನಾನೇ ಅವನ ಕೈಗೆ ಕೊಟ್ಟೆ. ಅವನು ಓದಿ ಹೊಸ್ತಿಲ ಮೇಲೆ ಕೂತುಬಿಟ್ಟ.

ನಿನಗೆ ನಿಜವಾಗಿ ಗೊತ್ತಾಗಲಿಲ್ಲವಾ? ಇಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಬಲೆ ತುಂಬಿದರೆ ಖಾಲಿ ಅನ್ನಬೇಕು. ಜಾಗ ಕೇಳಿದರೆ ಬೇರೆ ಜಾಗ ಹೇಳಬೇಕು. ನೀರಿಗೆ ಕಿವಿ ಇದೆ. ಜಂಬ ಕೊಚ್ಚಿದ ಮನೆಯ ಬಲೆಗೆ ಮೀನು ಬರುವುದಿಲ್ಲ. ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಒಲೆಯ ಸುತ್ತ ಕೂತವರಿಗೆ ತಾನಾಗಿ ಬರುತ್ತದೆ. ‘ಬಾಲವೂ ಇಲ್ಲ’ ಎಂದು ಬರೆದೆನಲ್ಲ, ಆ ಜಾಗಕ್ಕೆ ಕೋರ್ಟನ್ನು ಕರೆದುಕೊಂಡು ಹೋಗುತ್ತೀಯ ಎಂದು ನಾನು ಕಾದಿದ್ದೆ.

ನೀನು ಒಲೆಯ ಹತ್ತಿರ ಎಷ್ಟು ದಿನ ಕೂತೆ? ಏಳು ವರ್ಷಕ್ಕೆ ವಸತಿಶಾಲೆಯವರು ಕರೆದುಕೊಂಡು ಹೋದರು. ಬೇಸಿಗೆಗೆ ಬರುತ್ತಿದ್ದೆ, ಮೀನು ತಿಂದು ಹೋಗುತ್ತಿದ್ದೆ. ನಿನ್ನ ಅಮ್ಮ ಇದ್ದಿದ್ದರೆ ಹೇಳಿಕೊಡುತ್ತಿದ್ದಳೇನೋ. ನನ್ನ ತಂಗಿ ನಿನ್ನನ್ನು ನನ್ನ ಕೈಗೆ ಇಟ್ಟು ಹೋದಳು, ನಾನು ಇದೊಂದನ್ನು ಕಲಿಸಲು ಮರೆತೆ. ನೀನು ನಮ್ಮವಳು, ಗೊತ್ತೇ ಇರುತ್ತದೆ ಎಂದುಕೊಂಡುಬಿಟ್ಟೆ. ನಿನ್ನ ಮೇಲೆ ಸಿಟ್ಟಿಲ್ಲ. ಎದೆಯಲ್ಲಿ ಏನೋ ಮುರಿದ ಹಾಗಿದೆ, ಅಷ್ಟೇ.

ನಾನೇ ಕೋರ್ಟಿಗೆ ಬರುತ್ತೇನೆ. ಎಲ್ಲವನ್ನೂ ಹೇಳುತ್ತೇನೆ. ವಕೀಲರಿಗೆ ಹೇಳು.

ಸುನ್ನಾ

*

ಲೂಲಿಯೊ
3 ಮಾರ್ಚ್ 1959

ದೊಡ್ಡಮ್ಮ,

ನೀವು ಬರುತ್ತೀರೆಂದು ವಕೀಲರಿಗೆ ಹೇಳಿದೆ. ಹೊಸದಾಗಿ ಪರೀಕ್ಷೆ ಕೇಳೋಣ ಎಂದು ಅವರಿಗೂ ಜೀವ ಬಂದಿತ್ತು. ಮೇ ತಿಂಗಳಲ್ಲಿ ವಿಚಾರಣೆ.

ಆದರೆ ನಿನ್ನೆ ಕಂಪನಿಯ ವಕೀಲರು ಒಂದು ಹಳೆಯ ಕಾಗದ ಹಾಜರುಪಡಿಸಿದರು. 1921ರಲ್ಲಿ ಸರ್ಕಾರದ ಅಳತೆಯವರು ಕೆರೆಗೆ ಬಂದು ಅಜ್ಜನ ಹೇಳಿಕೆ ಪಡೆದಿದ್ದಾರೆ. ಟೈಪ್ ಮಾಡಲು ನನ್ನ ಮೇಜಿಗೇ ಬಂತು. ಪ್ರಶ್ನೆಗಳು ಅರ್ಧ ಪುಟ. ಉತ್ತರ ಎರಡು ಪದ: “ಮೀನು ಇಲ್ಲ.” ಕೆಳಗೆ ಅಜ್ಜ ಹೇಯ್ಕಾ ಅವರ ಗುರುತು, ನಮ್ಮ ಬಲೆಯ ಮರದ ತೇಲುಗಟ್ಟಿಗಳ ಮೇಲೆ ಕೆತ್ತಿರುವ ಅದೇ ಹಕ್ಕಿಯ ಕಾಲು. ಅದನ್ನು ನೋಡಿದಾಗ, ಅಜ್ಜನೂ ನಿಮ್ಮ ಹಾಗೇ ಎಂದು ನಗು ಬಂತು, ಅಳುವೂ ಬಂತು.

ಆಮೇಲೆ ಅದರ ಕೆಳಗಿನ ಸಾಲು ಓದಿದೆ. ದುಭಾಷಿ: ಮಗಳು ಸುನ್ನಾ, ವಯಸ್ಸು ಹದಿನಾಲ್ಕು.

ದೊಡ್ಡಮ್ಮ, ಅಲ್ಲಿ ನಿಮ್ಮ ಹೆಸರಿದೆ. ನೀವು ನನಗೆ ಇದನ್ನು ಯಾವತ್ತೂ ಹೇಳಿಲ್ಲ. ಅಣೆಕಟ್ಟಿನ ಸುದ್ದಿ ಬಂದ ಮೇಲೂ ಹೇಳಲಿಲ್ಲ. ಅವತ್ತು ಏನಾಯಿತು? ಅಜ್ಜ ಎರಡೇ ಪದ ಹೇಳಿದರಾ? ಕೋರ್ಟಿನಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿ ಕೇಳುವ ಮೊದಲು ನನಗೆ ಗೊತ್ತಾಗಬೇಕು.

ಗಾರೆನ್

*

ಸುವೊಲೊ ಕೆರೆ
20 ಮಾರ್ಚ್ 1959

ಮಗಳೇ,

ಇದನ್ನು ಬರೆಯಲು ಹತ್ತು ದಿನ ತೆಗೆದುಕೊಂಡೆ. ಮೂವತ್ತೆಂಟು ವರ್ಷದಿಂದ ಯಾರಿಗೂ ಹೇಳಿಲ್ಲ.

ಅಪ್ಪ ಎರಡು ಪದ ಹೇಳಲಿಲ್ಲ. ಅರ್ಧ ಗಂಟೆ ಮಾತಾಡಿದರು.

ಆ ಚಳಿಗಾಲ ಸಂತೆಗೆ ಹೋದಾಗ ಅವರಿಗೆ ಬೇರೊಂದು ಕೆರೆಯ ಜನ ಸಿಕ್ಕಿದ್ದರು. ವಸಂತಕ್ಕೆ ಊರಿಗೆ ಮರಳಿದರೆ ಅಣೆಕಟ್ಟಿನ ನೀರು ಏರಿ ತಮ್ಮ ಗುಡಿಸಲುಗಳ ತುದಿ ಮಾತ್ರ ಮೇಲಿತ್ತಂತೆ.  ಅಳತೆಯವರು ಬಂದು ಎಲ್ಲಿ ಮೀನು ಹಿಡಿಯುತ್ತೀರಿ ಎಂದು ಕೇಳಿದಾಗ, ಅಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಎಲ್ಲವನ್ನೂ ಹೇಳಿಬಿಟ್ಟರು. ಸಮಾಧಿ ದ್ವೀಪದ ಹಿಂದಿನ ಕಂದಕ, ಅಜ್ಜಿಮಡಿಲು, ನದಿಯ ಬಾಯಿ. ಯಾವ ಬೆಟ್ಟ ಯಾವ ಮರದ ಹಿಂದೆ ಸರಿದಾಗ ಬಲೆ ಬಿಡಬೇಕು, ಒಂದು ಶರತ್ಕಾಲಕ್ಕೆ ಎಷ್ಟು ಪೀಪಾಯಿ ತುಂಬುತ್ತವೆ, ಎಲ್ಲ. ನನ್ನ ಅಪ್ಪ! ಅಮ್ಮನಿಗೂ ಸರಿಯಾದ ಲೆಕ್ಕ ಹೇಳದ ಮನುಷ್ಯ!

 ಅಪ್ಪನಿಗೆ ಬುದ್ಧಿ ಕೆಟ್ಟಿದೆ, ನಮ್ಮ ಮನೆಯ ಮೀನಿನ ಅದೃಷ್ಟ ಇವತ್ತಿಗೆ ಮುಗಿಯಿತು, ಮುಂದಿನ ಚಳಿಗಾಲ ನಾವು ಹಸಿದು ಸಾಯುತ್ತೇವೆ ಎಂದುಕೊಂಡೆ. ಶಾಲೆಯಲ್ಲಿ ಸ್ವೀಡಿಷ್ ಕಲಿತವಳು ಮನೆಯಲ್ಲಿ ನಾನೊಬ್ಬಳೇ. ಅಳತೆಯವನು ನನ್ನ ಕಡೆ ತಿರುಗಿ, “ಏನಂತಾರೆ?” ಎಂದು ಕೇಳಿದ.

“ಮೀನು ಇಲ್ಲ ಅಂತಾರೆ” ಎಂದೆ.

ಅವನು ಬರೆದುಕೊಂಡ. ಅಪ್ಪ ಅವನ ಪೆನ್ನನ್ನೇ ನೋಡುತ್ತಿದ್ದರು.

“ಅಷ್ಟೇನಾ? ಅಷ್ಟು ಹೇಳಿದ್ದಕ್ಕೆ ಅಷ್ಟೇ ಬರೆದ್ನಾ?”

“ಅವ್ರ ಭಾಷೆ ಗಿಡ್ಡ ಅಪ್ಪಾ.”

ಅಪ್ಪ ನಕ್ಕರು. ನಕ್ಕು, ತಮ್ಮ ಗುರುತು ಹಾಕಿದರು. ಅಳತೆಯವನು ನನಗೊಂದು ಸಕ್ಕರೆ ಗಡ್ಡೆ ಕೊಟ್ಟ. ತಿಂದೆ.

ಆ ಶರತ್ಕಾಲ ಹಿಂದೆಂದೂ ಕಾಣದಷ್ಟು ಮೀನು ಬಂತು. ನಾನೇ ಮನೆ ಉಳಿಸಿದೆ ಎಂದು ಹೆಮ್ಮೆಪಟ್ಟೆ. ಸಾಯುವತನಕ ಅಪ್ಪ, “ನಮ್ಮ ಕೆರೆ ಕಾಗದದಲ್ಲಿದೆ, ಯಾರೂ ಮುಟ್ಟಲ್ಲ” ಎನ್ನುತ್ತಿದ್ದರು. ಕಳೆದ ಶರತ್ಕಾಲ ನಿನ್ನ ಕಾಗದ ಬಂದು ನಾನು ಕೆಂಪು ಪಟ್ಟಿಯ ಕೆಳಗೆ ನಿಂತೆನಲ್ಲ, ಆಗ ನನಗೆ ನೆನಪಾದದ್ದು ಆ ಮಾತು. ಆದರೂ ನಿನಗೆ ಮತ್ತೆ ಸುಳ್ಳು ಪಟ್ಟಿಯನ್ನೇ ಬರೆದೆ. ನಿಜ ಬರೆಯಲು ಪೆನ್ನು ಹಿಡಿದೆ, ಕೈ ಬರಲಿಲ್ಲ.

ಅಪ್ಪ ಉಳಿಸಿದ್ದ ಕೆರೆಯನ್ನು ನಾನು ಮುಳುಗಿಸಿದೆ ಗಾರೆನ್. ಕಂಪನಿ ಆಮೇಲೆ ಬಂತು.

ಸುನ್ನಾ

*

ಲೂಲಿಯೊ
11 ಜೂನ್ 1959

ದೊಡ್ಡಮ್ಮ,

ನೀವು ಕೋರ್ಟಿನಿಂದ ನೇರವಾಗಿ ರೈಲಿಗೆ ಹೋಗಿಬಿಟ್ಟಿರಿ. ನಿಲ್ದಾಣಕ್ಕೆ ಓಡಿ ಬರುವಷ್ಟರಲ್ಲಿ ರೈಲು ಹೊರಟಿತ್ತು. ವುಲ್ಲೆಮಾವ ಕಿಟಕಿಯಿಂದ ಕೈ ಬೀಸಿದರು, ನೀವು ತಿರುಗಿ ನೋಡಲಿಲ್ಲ.

ತೀರ್ಪು ಇವತ್ತು ಬಂತು. ಮನೆಗಳಿಗೆ ಪರಿಹಾರವುಂಟು. ಮೀನುಗಾರಿಕೆಗೆ ಏನೂ ಇಲ್ಲ. ನೀರು ಪೂರ್ತಿ ಒಂಬತ್ತು ಮೀಟರ್ ಏರುತ್ತದೆ, ಮುಂದಿನ ವಸಂತಕ್ಕೆ. ಹೊಸ ಪರೀಕ್ಷೆ ಬೇಡವಂತೆ. ಇನ್ನು ಮೇಲ್ಮನವಿಗೆ ದಾರಿ ಇಲ್ಲ ಎಂದು ವಕೀಲರು ಕನ್ನಡಕ ಒರೆಸುತ್ತಾ ಹೇಳಿದರು.

ನಾನು ವಿಚಾರಣೆಯ ಆ ದಿನವನ್ನೇ ಮತ್ತೆ ಮತ್ತೆ ಕಾಣುತ್ತಿದ್ದೇನೆ. ನೀವು ಎದ್ದು ನಿಂತು, ನಾಲ್ಕೂ ಮನೆಯವರ ಎದುರು, ಒಂದೊಂದೇ ಜಾಗದ ಹೆಸರು ಹೇಳಿದಿರಿ. ಕೋಣೆಯಲ್ಲಿ ನಮ್ಮವರೆಲ್ಲ ತಲೆ ತಗ್ಗಿಸಿದರು, ಯಾರೋ ಬಟ್ಟೆ ಕಳಚಿದ್ದನ್ನು ನೋಡಬಾರದು ಎನ್ನುವಂತೆ. ಕಂಪನಿಯ ವಕೀಲ ಎರಡು ಕಾಗದ ಎತ್ತಿ ಹಿಡಿದು, “1921ರಲ್ಲಿ ಮೀನೇ ಇಲ್ಲ ಅಂದ್ರಿ. ಹೋದ ವರ್ಷ ಕೊಕ್ಕರೆ ಕೊಲ್ಲಿ ಅಂದ್ರಿ. ಇವತ್ತು ಸಮಾಧಿ ದ್ವೀಪ ಅಂತೀರಿ. ನಾವು ಯಾವ್ದನ್ನ ನಂಬ್ಬೇಕು?” ಎಂದು ಕೇಳಿದ.

“ಅವೆರಡನ್ನ ನಗ್ತಾ ಹೇಳಿದ್ದೆ. ಇದನ್ನ ಅಳ್ತಾ ಹೇಳ್ತಿದ್ದೀನಿ. ಅಷ್ಟು ಸಾಲ್ದಾ?” ಎಂದಿರಿ ನೀವು.

ಆಗ ಹಿಂದಿನ ಬೆಂಚಿನಿಂದ ವುಲ್ಲೆಮಾವ ಎದ್ದರು. “ಅವಳು ಹೇಳೋದು ನಿಜ ಸ್ವಾಮಿ! ಸಮಾಧಿ ದ್ವೀಪದ ಹಿಂದೆ ಅವಳ ತೇಲುಗಟ್ಟಿಗಳನ್ನ ಮೂವತ್ತು ವರ್ಷದಿಂದ ನೋಡ್ತಿದ್ದೀನಿ. ನನ್ನ ಬಲೇನ ಒಂದಿನಾನೂ ಆ ಕಡೆ ಹಾಕಿಲ್ಲ!”

ನೀವು ತಿರುಗಿ ಅವರನ್ನು ನೋಡಿದ ಮುಖ ನನಗೆ ಮರೆಯುವುದಿಲ್ಲ. ಅಂದರೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ. ವುಲ್ಲೆಮಾವನ ಮಾತನ್ನೂ ನ್ಯಾಯಾಧೀಶರು ಒಪ್ಪಲಿಲ್ಲ. ‘ನಮಗೇನೂ ಸಿಗುವುದಿಲ್ಲ’ ಎಂದು ಅವರೂ ಬರೆದುಕೊಟ್ಟಿದ್ದರಲ್ಲ.

ಆ ಪಟ್ಟಿಯನ್ನು ಟೈಪ್ ಮಾಡಿದವಳು ನಾನು. ನೀವೊಬ್ಬರೇ ಮುಳುಗಿಸಿದ್ದಲ್ಲ. ದಯವಿಟ್ಟು ಬರೆಯಿರಿ.

ಗಾರೆನ್

*

ಮೇಲ್ಕೆರೆ
14 ಆಗಸ್ಟ್ 1960

ಮಗಳೇ ಗಾರೆನ್,

ವರ್ಷವಿಡೀ ಬರೆಯಲಿಲ್ಲ. ನಿನ್ನ ಏಳು ಕಾಗದಗಳೂ ಬಂದವು. ಎಲ್ಲವೂ ನನ್ನ ಹಾಸಿಗೆಯ ಕೆಳಗಿವೆ.

ಜೂನ್‌ನಲ್ಲಿ ನೀರು ಬಂತು. ಅಲೆಯಿಲ್ಲ, ಸದ್ದಿಲ್ಲ. ಬೆಳಿಗ್ಗೆ ದಡದ ಕಲ್ಲು ಅರ್ಧ ಕಂಡಿತು, ಮಧ್ಯಾಹ್ನ ಕಾಣಲಿಲ್ಲ. ಹತ್ತನೇ ದಿನ ಹೊಸ್ತಿಲಿಗೆ ಬಂತು. ಒಲೆಯಲ್ಲಿ ಬೂದಿ ಇತ್ತು, ಅದು ಎದ್ದು ಕೋಣೆ ತುಂಬ ತೇಲಿತು. ವುಲ್ಲೆ ದೋಣಿ ತಂದು ಬಾಗಿಲಿಗೇ ನಿಲ್ಲಿಸಿ, “ಹತ್ತು ಸುನ್ನಾ, ಹತ್ತು ಮಾರಾಯ್ತಿ” ಎಂದು ಕೂಗುತ್ತಿದ್ದ. ನಾನು ಹಕ್ಕಿಕಾಲಿನ ಗುರುತಿನ ತೇಲುಗಟ್ಟಿಗಳನ್ನು ಮಡಿಲಿಗೆ ತುಂಬಿಕೊಂಡು ಹತ್ತಿದೆ. ನೀರು ಪೂರ್ತಿ ಏರಿದ ಮೇಲೆ ಸಮಾಧಿ ದ್ವೀಪದ ಹತ್ತಿರ ಹೋದಾಗ ಅದು ಎಲ್ಲಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಐವತ್ತು ವರ್ಷ ನೋಡಿದ ಜಾಗ! ಗುರುತಿಗೆ ಹಿಡಿಯುತ್ತಿದ್ದ ಮರಗಳೆಲ್ಲ ನೀರಿನೊಳಗಿದ್ದವು.

ಈಗ ಮೇಲ್ಕೆರೆಯಲ್ಲಿದ್ದೇನೆ. ಇದು ವುಲ್ಲೆಯ ತಾಯಿಯ ಕಡೆಯವರ ಕೆರೆ. ಅವನೂ ಇಲ್ಲೇ ಇದ್ದಾನೆ. ನಗಬೇಡ. ಬಂದ ಮೊದಲ ದಿನವೇ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ತನ್ನ ಬಲೆಯ ಜಾಗಗಳನ್ನು ಒಂದೊಂದಾಗಿ ತೋರಿಸಿದ. ಮದುವೆ ಕೇಳಲು ಬಂದ ದಿನ ಹೀಗೆ ಮಾಡಿದ್ದರೆ ಒಪ್ಪುತ್ತಿದ್ದೆನೋ ಏನೋ.

ಕಳೆದ ವಾರ ಕೆಂಪು ಬಿಳಿ ಕೋಲಿನವರು ಇಲ್ಲಿಗೂ ಬಂದರು. ಕಾಫಿ ಕೊಡಲಿಲ್ಲ. ಒಳಗೆ ಬಂದು ಈ ಕಾಗದ ಬರೆಯಲು ಕೂತೆ. ವುಲ್ಲೆ ಕದ್ದು ಓದಬೇಕಾಗಿಲ್ಲ, ಪಕ್ಕದಲ್ಲೇ ಕೂತು ಬರೆಸುತ್ತಿದ್ದಾನೆ. ಟೈಪ್ ಮಾಡು, ಕೋರ್ಟಿಗೆ ಕೊಡು, ಅವರು ಕೇಳುವ ಮೊದಲೇ ಕೊಡು. ಈ ಸಲ ಬರೆದದ್ದನ್ನು ಬರೆದ ಹಾಗೇ ಓದಿಕೋ.

ಒಂದು. ಒಡೆದ ಬಂಡೆಯಿಂದ ಹೊರಟು, ಪೂರ್ವದ ಬೆಟ್ಟದ ಸೀಳು ಒಂಟಿ ಪೈನ್ ಮರದ ಹಿಂದೆ ಮರೆಯಾಗುವಲ್ಲಿ. ಹದಿನಾಲ್ಕು ಮಾರು ಆಳ. ಸೆಪ್ಟೆಂಬರ್ ಕೊನೆಯಿಂದ ಹಿಮ ಕಟ್ಟುವವರೆಗೆ ಬಿಳಿಮೀನು. ವುಲ್ಲೆಯ ಅಜ್ಜನ ಕಾಲದಿಂದ, ವರ್ಷಕ್ಕೆ ಒಂಬತ್ತು ಪೀಪಾಯಿ.

ಎರಡು. ತೊರೆ ಬಂದು ಸೇರುವಲ್ಲಿ, ಬಲದಂಡೆಯ ಮರಳಿನ ಮೇಲೆ. ಕೆಂಪುಹೊಟ್ಟೆಯ ಮೀನು ಮೊಟ್ಟೆಯಿಡುತ್ತದೆ. ಅಲ್ಲಿ ನಾವು ಹತ್ತು ದಿನ ಮಾತ್ರ ಹಿಡಿಯುತ್ತೇವೆ, ಆಮೇಲೆ ಬಿಡುತ್ತೇವೆ.

ಮೂರು. ಮಂಜುಗಡ್ಡೆಯ ಕೆಳಗೆ, ಜೋಡಿಕಲ್ಲಿನ ನಡುವೆ. ಫೆಬ್ರುವರಿ.

ಕೆಳಗೆ ವುಲ್ಲೆಯ ಗುರುತಿದೆ. ಪಕ್ಕದಲ್ಲಿ ನನ್ನ ಅಪ್ಪನ ಹಕ್ಕಿಕಾಲು ಹಾಕಿದ್ದೇನೆ. ಅಪ್ಪ ಅವತ್ತು ಹೇಳಿದ್ದು ಇಷ್ಟೇ ಉದ್ದವಿತ್ತು.

ಈ ಪಟ್ಟಿ ಬರೆಯುವ ಮೊದಲು ಬಲೆ ಎತ್ತಿದ್ದೆವು. ನಲವತ್ತೊಂದು ಬಿಳಿಮೀನು. ಎಣಿಸಿದೆ. ನನ್ನ ಜನ್ಮದಲ್ಲಿ ಮೊದಲನೇ ಸಲ ಹಿಡಿದ ಮೀನಿನ ಸಂಖ್ಯೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಪಟ್ಟಿ ಬರೆದು ಮುಗಿಸಿದ ಮರುದಿನ ಮತ್ತೆ ಎತ್ತಿದೆವು. ಖಾಲಿ. ನಿಜವಾಗಿ ಖಾಲಿ ಮಗಳೇ, ಮೀನಿನ ಒಂದು ಪೊರೆಯೂ ಇರಲಿಲ್ಲ. ಇವತ್ತೂ ಖಾಲಿ. ವುಲ್ಲೆ ಬಲೆಯನ್ನು ಒಣಗಲು ಹಾಕಿದ. ನಾನು ಕಾಗದವನ್ನು ಒಲೆಯ ಹತ್ತಿರ ಒಯ್ದೆ, ಬಹಳ ಹೊತ್ತು ಹಿಡಿದುಕೊಂಡು ನಿಂತೆ.

ಲಕೋಟೆಗೆ ಹಾಕಿದ್ದೇನೆ. ಟೈಪ್ ಮಾಡು.

ದೊಡ್ಡಮ್ಮ